ಚೀಟಿಯಿಂದ ಹದಿನೈದನೆಯ ರಾತ್ರಿಯವರೆಗೆ

"ಇದರ ಬ್ಯಾಚ್ ನಂಬರ್ ಎಷ್ಟ್ರೀ? ಎಕ್ಸ್‌ಪೈರಿ ಯಾವಾಗ ಐತಿ?" ಎಂದು ಹುಬ್ಬಳ್ಳಿಯಲ್ಲಿ ಔಷಧಿ ಸಗಟು ಮಾರುವ ಸ್ಟಾಕಿಸ್ಟರೊಬ್ಬರು ನಮ್ಮ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಪೆಟ್ಟಿಗೆಯಲ್ಲಿ ಮಾತ್ರೆಯೂ ಇರಲಿಲ್ಲ, ಸಿರಪ್ಪೂ ಇರಲಿಲ್ಲ. ಕೆರೆದರೆ ಆ್ಯಪ್ ತೆರೆಯುವ ಸಂಖ್ಯೆ ಕಾಣುವ ಒಂದು ಕಾರ್ಡು ಮತ್ತು ನಾಲ್ಕು ಪುಟದ ಕನ್ನಡ ಕೈಪಿಡಿ ಇದ್ದವು. ಹದಿನಾಲ್ಕು ವರ್ಷ ಔಷಧ ಕಂಪನಿಗಳಲ್ಲಿ ಡಾಕ್ಟರುಗಳನ್ನು ಭೇಟಿಯಾಗುವ ಮಾರಾಟ ಪ್ರತಿನಿಧಿ, ಅಂದರೆ ಎಂಆರ್ ಆಗಿ, ಏರಿಯಾ ಮ್ಯಾನೇಜರ್ ಆಗಿ ಊರೂರು ಸುತ್ತಿದ ನಾನು, ಬೆಂಗಳೂರಿನ ಒಂದು ಸಣ್ಣ ಸಂಸ್ಥೆಯು ನಿದ್ದೆ ಬಾರದವರಿಗೆ ಆ್ಯಪ್ ಮೂಲಕ ಕೊಡುವ ಡಿಜಿಟಲ್ ಚಿಕಿತ್ಸೆಯನ್ನು ಮಾರುಕಟ್ಟೆಗೆ ತರುವ ಹೊಣೆ ಹೊತ್ತು ಆಗಷ್ಟೇ ಕೆಲವು ತಿಂಗಳಾಗಿದ್ದವು. ಔಷಧಿ ಮಾರಲು ಬಲ್ಲವನಿಗೆ ಇದೇನು ಮಹಾ ಎಂದುಕೊಂಡಿದ್ದವನ ಆತ್ಮವಿಶ್ವಾಸ ಆ ಗೋದಾಮಿನ ಬಾಗಿಲಲ್ಲೇ ಅರ್ಧ ಇಳಿಯಿತು. ಸ್ಟಾಕಿಸ್ಟರ ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಆ ಎರಡು ಖಾನೆಗಳು ತುಂಬದಿದ್ದರೆ ಬಿಲ್ಲೇ ಆಗುವುದಿಲ್ಲ. ಕೊನೆಗೆ ಸಾಫ್ಟ್‌ವೇರಿನ ಆವೃತ್ತಿಯ ಸಂಖ್ಯೆಯನ್ನೇ ಬ್ಯಾಚ್ ಎಂದೂ, ಕಾರ್ಡನ್ನು ಕೆರೆದು ಬಳಸಬೇಕಾದ ಕೊನೆಯ ದಿನವನ್ನೇ ಎಕ್ಸ್‌ಪೈರಿ ಎಂದೂ ಅಚ್ಚು ಹಾಕಿಸಿದೆವು.

ನಾವು ತಂದದ್ದು ದೀರ್ಘಕಾಲದ ನಿದ್ರಾಹೀನತೆಗೆ ಮೊಬೈಲ್ ಮೂಲಕ ಕೊಡುವ ಆರು ವಾರಗಳ ಚಿಕಿತ್ಸೆ. ವಾರಕ್ಕೆ ಕನಿಷ್ಠ 3 ರಾತ್ರಿಯಂತೆ 3 ತಿಂಗಳು ನಿದ್ದೆ ಕೆಟ್ಟರೆ ಅದನ್ನು ವೈದ್ಯರು ದೀರ್ಘಕಾಲದ ತೊಂದರೆ ಎಂದು ಪರಿಗಣಿಸುತ್ತಾರೆ. ಇದಕ್ಕೆ ಮೊದಲು ಕೊಡಬೇಕಾದದ್ದು ಮಾತ್ರೆಯಲ್ಲ, ಸಿಬಿಟಿ-ಐ ಎಂಬ ಅರಿವು ಮತ್ತು ವರ್ತನೆಯ ಚಿಕಿತ್ಸೆ ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲೇ ಹೇಳಿದೆ. ಆದರೆ ಅದನ್ನು ಎದುರು ಕೂತು ಕೊಡಬಲ್ಲ ತರಬೇತಾದ ಮನಶ್ಶಾಸ್ತ್ರಜ್ಞರು ನಿಮ್ಹಾನ್ಸ್‌ನಂಥ ಸಂಸ್ಥೆಗಳ ಆಚೆ, ಅದರಲ್ಲೂ ತಾಲ್ಲೂಕು ಊರುಗಳಲ್ಲಿ, ಹುಡುಕಿದರೂ ಸಿಗುವುದು ಕಷ್ಟ. ಆ ಕೊರತೆಯನ್ನು ಸಾಫ್ಟ್‌ವೇರಿನಿಂದ ತುಂಬಬಹುದೆಂಬುದು ನಮ್ಮದೊಂದೇ ತಲೆಯ ಕಲ್ಪನೆಯಾಗಿರಲಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಸೋಮ್ರಿಸ್ಟ್ ಎಂಬ ನಿದ್ರಾಹೀನತೆಯ ಆ್ಯಪಿಗೆ ಅನುಮತಿ ಕೊಟ್ಟಿತ್ತು. ಚಿಕಿತ್ಸೆಗಳನ್ನು ತೂಗಿನೋಡಿ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಸ್ಲೀಪಿಯೊ ಎಂಬ ಆ್ಯಪನ್ನು ನಿದ್ರೆಮಾತ್ರೆಗೆ ಪರ್ಯಾಯವಾಗಿ ಶಿಫಾರಸು ಮಾಡಿತ್ತು.

ಆದರೂ ನಾನು ಮೊದಲು ಓದಿದ್ದು ಸೋತವರ ಕಥೆಯನ್ನು. ಸೋಮ್ರಿಸ್ಟ್ ತಂದ ಪೇರ್ ಥೆರಪ್ಯೂಟಿಕ್ಸ್ 2017ರಲ್ಲಿ ರೀಸೆಟ್ ಎಂಬ ವ್ಯಸನಮುಕ್ತಿ ಚಿಕಿತ್ಸೆಗೆ ಎಫ್‌ಡಿಎ ಮುದ್ರೆ ಪಡೆದು ಈ ಕ್ಷೇತ್ರಕ್ಕೇ ದಾರಿ ತೋರಿಸಿದ ಕಂಪನಿ. 2023ರ ಏಪ್ರಿಲ್‌ನಲ್ಲಿ ಅದೇ ದಿವಾಳಿ ಅರ್ಜಿ ಸಲ್ಲಿಸಿತು. ವೈದ್ಯರು ಚೀಟಿ ಬರೆಯುತ್ತಿದ್ದರು, ರೋಗಿಗಳಿಗೆ ಪ್ರಯೋಜನವೂ ಆಗುತ್ತಿತ್ತು, ಆದರೆ ಹಣ ಕೊಡಬೇಕಾದ ವಿಮಾ ಕಂಪನಿಗಳು ಬೇಕಾದಷ್ಟು ಮಟ್ಟಿಗೆ ಕೊಡಲಿಲ್ಲ. ಜರ್ಮನಿ ಈ ಗಂಟನ್ನು ಕಾನೂನಿನಿಂದ ಬಿಚ್ಚಲು ನೋಡಿತು. 2019ರ ಕೊನೆಗೆ ಜಾರಿಯಾದ ಡಿಜಿಟಲ್ ಆರೈಕೆ ಕಾಯ್ದೆಯಂತೆ, ಔಷಧ ನಿಯಂತ್ರಣ ಸಂಸ್ಥೆಯ ಪಟ್ಟಿಗೆ ಸೇರಿದ ಆ್ಯಪನ್ನು ವೈದ್ಯರು ಬರೆದುಕೊಟ್ಟರೆ ಸಾರ್ವಜನಿಕ ಆರೋಗ್ಯ ವಿಮೆಯೇ ಅದರ ಹಣ ಕೊಡಬೇಕು, ಮತ್ತು ಆ್ಯಪನ್ನು ತೆರೆಯುವ ಕೋಡನ್ನೂ ರೋಗಿಗೆ ವಿಮಾ ನಿಧಿಯೇ ಕಳಿಸುತ್ತದೆ. ಪಟ್ಟಿಯ ಮೊದಲ ಚಿಕಿತ್ಸೆಗಳು 2020ರ ಅಕ್ಟೋಬರ್‌ನಲ್ಲಿ ಬಂದವು. ಇವೆರಡನ್ನೂ ಓದಿ ನನಗೆ ಹೊಳೆದದ್ದು ಒಂದೇ ಪ್ರಶ್ನೆ: ನಮ್ಮಲ್ಲಿ ಹಣ ಕೊಡುವವರು ಯಾರು? ನಮ್ಮ ಆರೋಗ್ಯ ವಿಮೆ ಬಹುಪಾಲು ಆಸ್ಪತ್ರೆಗೆ ದಾಖಲಾದವರಿಗೆ. ಹೊರರೋಗಿಯಾಗಿ ಬಂದು ಹೋಗುವವರ ಖರ್ಚು ಹೆಚ್ಚಿನ ಪಾಲಿಸಿಗಳಲ್ಲಿ ಸೇರಿಯೇ ಇರುವುದಿಲ್ಲ. ನಿದ್ದೆ ಬರುತ್ತಿಲ್ಲವೆಂದು ಯಾರೂ ಆಸ್ಪತ್ರೆಗೆ ದಾಖಲಾಗುವುದಿಲ್ಲ. ಹಾಗಾಗಿ ಹಣ ಬರಬೇಕಾದದ್ದು ರೋಗಿಯ ಸ್ವಂತ ಜೇಬಿನಿಂದ, ಅದೂ ಕಣ್ಣಿಗೆ ಕಾಣದ ಒಂದು ವಸ್ತುವಿಗೆ.

ಪರವಾನಗಿಯ ಕಥೆಯನ್ನು ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಅದು ಶ್ರಮದ ಕೆಲಸವೇ ಹೊರತು ಒಗಟಿನ ಕೆಲಸವಲ್ಲ. 2017ರ ವೈದ್ಯಕೀಯ ಸಾಧನಗಳ ನಿಯಮಗಳ ಅಡಿಯಲ್ಲಿ, 2020ರ ಏಪ್ರಿಲ್ 1ರಿಂದ ಚಿಕಿತ್ಸೆಯ ಉದ್ದೇಶದ ಸಾಫ್ಟ್‌ವೇರ್ ಕೂಡ ಸಾಧನವೇ. ನಮ್ಮದು ಕಡಿಮೆಯಿಂದ ಮಧ್ಯಮ ಅಪಾಯದ ಬಿ ವರ್ಗಕ್ಕೆ ಸೇರಿದ್ದರಿಂದ ರಾಜ್ಯದ ಪರವಾನಗಿ ಪ್ರಾಧಿಕಾರದ ಮುಂದೆ ಹೋಗಬೇಕಾಯಿತು. ಮಾತ್ರೆ ಕಾರ್ಖಾನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಳೆದ ಕಾಗದಪತ್ರಗಳಲ್ಲಿ "ತಯಾರಿಕಾ ಸ್ಥಳ"ದ ನಕ್ಷೆ ಬರೆಯಬೇಕಾದಾಗ, ಹನ್ನೊಂದು ಲ್ಯಾಪ್‌ಟಾಪುಗಳೂ ಒಂದು ಫಿಲ್ಟರ್ ಕಾಫಿ ಯಂತ್ರವೂ ಇದ್ದ ಕೋಣೆಯ ನಕ್ಷೆಯನ್ನು ಎಲ್ಲ ಗಾಂಭೀರ್ಯದಿಂದ ಬರೆದು ಕೊಟ್ಟೆವು. ನಾನು ಕಲಿತ ಪಾಠವೆಂದರೆ, ಮಾರಾಟದ ಮುಖ್ಯಸ್ಥನಾದವನು ಈ ಕಡತವನ್ನು ಪೂರ್ತಿ ಓದಿರಬೇಕು. ಪರವಾನಗಿಯಲ್ಲಿ ಬರೆದ ಬಳಕೆಯ ಉದ್ದೇಶಕ್ಕಿಂತ ಒಂದು ಪದ ಹೆಚ್ಚಾಗಿ ಎಂಆರ್ ಬಾಯಲ್ಲಿ ಬಂದರೂ ಅದು ಅಪರಾಧ. ಆದರೆ ಆ ಪದಗಳನ್ನು ಆರಿಸುವ ದಿನ ಮಾರಾಟದವರು ಯಾರೂ ಕೋಣೆಯಲ್ಲಿರುವುದಿಲ್ಲ.

ನಿಜವಾದ ಕೆಲಸ ಶುರುವಾದದ್ದು ಭಾಷೆಯಲ್ಲಿ. ಆ್ಯಪಿನಲ್ಲಿದ್ದ ಇಂಗ್ಲಿಷ್ ಪಾಠಗಳನ್ನು ಯಾರೋ ಕನ್ನಡಕ್ಕೆ ಇಳಿಸಿಕೊಟ್ಟಿದ್ದರು, ವ್ಯಾಕರಣದಲ್ಲಿ ತಪ್ಪಿರಲಿಲ್ಲ. ದಾವಣಗೆರೆಯಲ್ಲಿ ಕೆಲವರ ಕೈಗೆ ಕೊಟ್ಟು ಓದಿಸಿದಾಗ, "ಇಪ್ಪತ್ತು ನಿಮಿಷದಲ್ಲಿ ನಿದ್ದೆ ಬಾರದಿದ್ದರೆ ಎದ್ದು ಬೇರೊಂದು ಕೋಣೆಗೆ ಹೋಗಿ" ಎಂಬ ಸಾಲಿಗೆ ಬಂದ ಒಬ್ಬ ಹೆಂಗಸು ಫೋನನ್ನು ತೊಡೆಯ ಮೇಲಿಟ್ಟು, "ಬೇರೆ ರೂಮು ಅಂತೀರಲ್ಲ ಸರ್, ಇರೋದೇ ಒಂದು ಹಾಲ್. ಅದರಲ್ಲಿ ಅತ್ತೆ, ಇಬ್ಬರು ಮಕ್ಕಳು. ನಾನೆದ್ದು ಲೈಟ್ ಹಾಕಿದ್ರೆ ಎಲ್ಲರ ನಿದ್ದೇನೂ ನನ್ನ ತಲೆ ಮೇಲೆ" ಎಂದರು. ಆ ಸಾಲಿನ ವೈಜ್ಞಾನಿಕ ಉದ್ದೇಶ ಕೋಣೆಯಲ್ಲ. ಮಲಗುವ ಜಾಗಕ್ಕೂ ಎಚ್ಚರಕ್ಕೂ ಮನಸ್ಸಿನಲ್ಲಿ ಬೆಸೆದುಕೊಂಡ ನಂಟನ್ನು ಬಿಡಿಸುವುದು. ಅದನ್ನು ಮನೋವೈದ್ಯರ ಜೊತೆ ಕೂತು, "ಚಾಪೆ ಬಿಟ್ಟೇಳಿ, ಗೋಡೆಗೊರಗಿ ಕೂತುಕೊಳ್ಳಿ, ಕಣ್ಣು ತೂಗಿದಾಗ ಮಾತ್ರ ಮತ್ತೆ ಚಾಪೆಗೆ ಬನ್ನಿ" ಎಂದು ಬದಲಿಸಿದೆವು. ಇನ್ನೊಂದು ಕಡೆ ನಮ್ಮ ಜನರೇ ಪಠ್ಯಪುಸ್ತಕವನ್ನು ಮೀರಿಸಿದರು. ದಿನವೂ ಒಂದೇ ಹೊತ್ತಿಗೆ ಏಳುವುದು ಕಷ್ಟದ ಭಾಗವೆಂದು ಪರದೇಶದ ಬರಹಗಳಲ್ಲಿ ಓದಿದ್ದೆ. ಇಲ್ಲಿ ನಲ್ಲಿ ನೀರು, ಹಾಲಿನವನು, ಶಾಲೆಯ ವ್ಯಾನು, ಅಂಗಳದ ರಂಗೋಲಿ ಇವೆಲ್ಲ ಆ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತಿದ್ದವು. ಕಷ್ಟವಿದ್ದದ್ದು ರಾತ್ರಿ ಹನ್ನೆರಡೂವರೆಯವರೆಗೆ ಎಚ್ಚರವಾಗಿರುವುದರಲ್ಲಿ.

ಅದೇಕೆ ಎಚ್ಚರವಾಗಿರಬೇಕೆಂಬುದನ್ನು ವಿವರಿಸದೆ ಮುಂದಿನದು ಅರ್ಥವಾಗುವುದಿಲ್ಲ. ಮೊದಲ ವಾರ ರೋಗಿ ನಿದ್ದೆಯ ದಿನಚರಿ ಮಾತ್ರ ತುಂಬುತ್ತಾರೆ. ಒಬ್ಬರು ಎಂಟೂವರೆ ಗಂಟೆ ಹಾಸಿಗೆಯಲ್ಲಿ ಹೊರಳಾಡಿ ಐದೂವರೆ ಗಂಟೆ ಮಾತ್ರ ನಿದ್ದೆ ಮಾಡಿದರೆ ಅವರ ನಿದ್ರಾ ದಕ್ಷತೆ ಶೇ. 65ರ ಆಸುಪಾಸು. ಎಂಟನೆಯ ದಿನದಿಂದ ಅವರಿಗೆ ಹಾಸಿಗೆಯಲ್ಲಿ ಐದೂವರೆ ಗಂಟೆ ಮಾತ್ರ ಇರಲು ಹೇಳಲಾಗುತ್ತದೆ. ಉದಾಹರಣೆಗೆ ಹನ್ನೆರಡೂವರೆಗೆ ಮಲಗಿ ಆರಕ್ಕೆ ಏಳುವುದು. ನಿದ್ದೆಯ ಹಸಿವು ಬೆಳೆದು, ಹಾಸಿಗೆಗೆ ಬಿದ್ದೊಡನೆ ನಿದ್ದೆ ಹತ್ತಿ, ದಕ್ಷತೆ ಶೇ. 85 ದಾಟತೊಡಗಿದ ಮೇಲೆ ಆ ಅವಧಿಯನ್ನು ವಾರವಾರ ಸ್ವಲ್ಪ ಸ್ವಲ್ಪವೇ ಹಿಗ್ಗಿಸಲಾಗುತ್ತದೆ. ಒಳ್ಳೆಯ ಚಿಕಿತ್ಸೆ, ಆದರೆ ಕಹಿ ಕಷಾಯ: ಎಂಟರಿಂದ ಹದಿನೈದನೆಯ ದಿನದವರೆಗೆ ರೋಗಿಗೆ ಹಗಲೆಲ್ಲ ತೂಕಡಿಕೆ, ಸಿಡುಕು.

ಆರಂಭದ ತಿಂಗಳಲ್ಲಿ ಇದ್ಯಾವುದೂ ನನ್ನ ಗಮನದಲ್ಲಿರಲಿಲ್ಲ. ನನ್ನ ಗಮನವೆಲ್ಲ ಚೀಟಿಯ ಮೇಲಿತ್ತು. ಹಳೆಯ ಎಂಆರ್ ಗೆಳೆಯರನ್ನೇ ಕರೆತಂದು ತಂಡ ಕಟ್ಟಿದೆ. ಬಿಡುಗಡೆಯ ದಿನ ಆಷಾಢದಲ್ಲಿ ಬಿದ್ದದ್ದನ್ನು ಬೆಂಗಳೂರಿನ ಕಚೇರಿ ಗಮನಿಸಿರಲಿಲ್ಲ, ಆದರೆ ಆಷಾಢದಲ್ಲಿ ಹೊಸ ಕೆಲಸ ಶುರು ಮಾಡಲು ತಂಡದಲ್ಲೇ ಇಬ್ಬರು ಒಪ್ಪಲಿಲ್ಲ. ಶ್ರಾವಣದವರೆಗೆ ಕಾದೆವು, ಮತ್ತು ಆ ಬಿಡುವಿನಲ್ಲಿ ಡಿಟೇಲಿಂಗ್, ಅಂದರೆ ಡಾಕ್ಟರ ಮುಂದೆ ಆಡುವ ಮಾತು, ಸರಿಮಾಡಿಕೊಂಡೆವು. ಒಪಿಡಿ ಮುಗಿದ ಮೇಲೆ ಬಾಗಿಲ ಹೊರಗೆ ಬ್ಯಾಗು ಹಿಡಿದು ನಿಂತ ಹತ್ತು ಜನರಲ್ಲಿ ಒಬ್ಬನಿಗೆ ಡಾಕ್ಟರ ಮುಂದೆ ಸಿಗುವುದು ಒಂದೆರಡು ನಿಮಿಷ. ಮೊದಲು ನಾವು ಆ ಎರಡು ನಿಮಿಷದಲ್ಲಿ ಸಿಬಿಟಿ-ಐ ಎಂದರೇನು, ಪುರಾವೆ ಏನು, ಆ್ಯಪ್ ಹೇಗೆ ಕೆಲಸ ಮಾಡುತ್ತದೆ ಎಂದೆಲ್ಲ ಹೇಳುತ್ತಿದ್ದೆವು; ಡಾಕ್ಟರು ತಲೆಯಾಡಿಸಿ ನಾವು ಮುಂದಿಟ್ಟ ಚಿತ್ರಪುಟಗಳನ್ನು ಮುಚ್ಚುತ್ತಿದ್ದರು. ಮೈಸೂರಿನ ಹಿರಿಯ ವೈದ್ಯರೊಬ್ಬರು ಮಾತ್ರ, "ಎಲ್ಲಾ ಸರೀನಪ್ಪ, ನಾಳೆ ಬೆಳಗ್ಗೆ ಬರೋ ಅರವತ್ತು ಜನದಲ್ಲಿ ಇದು ಯಾರಿಗೆ ಅಂತ ಹೇಳು" ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕಿ ಇಡೀ ಮಾತನ್ನು ಒಂದೇ ರೋಗಿಗೆ ಇಳಿಸಿದೆವು: ಮೂರು ತಿಂಗಳಿಂದ ನಿದ್ದೆಗೆಂದು ಝೋಲ್ಪಿಡೆಮ್ ಅಥವಾ ಆಲ್ಪ್ರಜೋಲಮ್ ಮಾತ್ರೆ ತೆಗೆದುಕೊಳ್ಳುತ್ತಿರುವ, ಇನ್ನು ಬಿಡಬೇಕೆಂದು ತಾವೇ ಕೇಳುವ, ಮನೆಯಲ್ಲಿ ಸ್ಮಾರ್ಟ್‌ಫೋನ್ ಇರುವ ರೋಗಿ. ಇಂಥವರು ಪ್ರತಿ ಡಾಕ್ಟರ ಕಣ್ಣ ಮುಂದೆಯೂ ಇದ್ದರು. ಈ ಮಾತ್ರೆಗಳು ಕಟ್ಟುನಿಟ್ಟಿನ ಲೆಕ್ಕವಿಡಬೇಕಾದ ಎಚ್-1 ಪಟ್ಟಿಯಲ್ಲಿರುವುದರಿಂದ ಔಷಧಿ ಅಂಗಡಿಯವರೂ ಬೇರೆ ರಿಜಿಸ್ಟರಿನಲ್ಲಿ ರೋಗಿಯ ಹೆಸರು ಬರೆದು ಬೇಸತ್ತಿದ್ದರು. ಮಾತ್ರೆಯನ್ನು ಇಳಿಸುವುದು ಡಾಕ್ಟರ ಕೈಯಲ್ಲೇ ಇರಬೇಕು, ಆ್ಯಪ್ ಅದರ ಬಗ್ಗೆ ಒಂದು ಮಾತೂ ಹೇಳಬಾರದು ಎಂಬುದನ್ನು ಮಾತ್ರ ತಂಡಕ್ಕೆ ಮತ್ತೆ ಮತ್ತೆ ಹೇಳಬೇಕಾಯಿತು.

ಚೀಟಿಗಳು ಬರತೊಡಗಿದವು, ಬಳಕೆ ಬರಲಿಲ್ಲ. ಮೊದಲ ಯೋಜನೆಯಲ್ಲಿ ಔಷಧಿ ಅಂಗಡಿಗೆ ಜಾಗವೇ ಇರಲಿಲ್ಲ. ಡಾಕ್ಟರು ಹೆಸರು ಬರೆದರೆ ರೋಗಿಯ ಫೋನಿಗೆ ಸಂದೇಶ ಹೋಗಿ, ಅಲ್ಲೇ ಯುಪಿಐ ಮಾಡಿ ಚಿಕಿತ್ಸೆ ಶುರು ಮಾಡಬೇಕಿತ್ತು. ಆದರೆ ಚೀಟಿ ಹಿಡಿದವರು ಅಭ್ಯಾಸಬಲದಿಂದ ನೇರ ಅಂಗಡಿಗೆ ಹೋಗಿ ಚೀಟಿಯನ್ನು ಕೌಂಟರಿನ ಮೇಲಿಡುತ್ತಿದ್ದರು; ಅಂಗಡಿಯವರು "ಇದು ನಮ್ಮಲ್ಲಿಲ್ಲ" ಎನ್ನುತ್ತಿದ್ದರು; ಅಲ್ಲಿಗೆ ಮುಗಿಯಿತು. ಹಣ ಕೇಳುವ ಸಂದೇಶವನ್ನು ಮೋಸದವರ ಕೆಲಸವೆಂದು ತಿಳಿದು ಅಳಿಸಿದವರೂ ಇದ್ದರು, ಮತ್ತು ಅವರನ್ನು ನಾನು ದೂರಲಾರೆ. ಕೆರೆಯುವ ಕಾರ್ಡು ಹುಟ್ಟಿದ್ದು ಹೀಗೆ. ಒಂದು ಕಾಲದಲ್ಲಿ ಮೊಬೈಲ್ ರೀಚಾರ್ಜ್ ಕಾರ್ಡನ್ನು ಉಗುರಿನಿಂದ ಕೆರೆದ ಕೈಗಳಿಗೆ ಅದನ್ನು ಹೇಳಿಕೊಡಬೇಕಾಗಿರಲಿಲ್ಲ. ಸ್ಟಾಕಿಸ್ಟರಿಗೂ ಅಂಗಡಿಗೂ ಮಾತ್ರೆಗಳಿಗೆ ಸಿಗುವಂಥದ್ದೇ ಮಾರ್ಜಿನ್ ಇಟ್ಟೆವು. ತಂತ್ರಜ್ಞಾನದಿಂದ ಮಧ್ಯವರ್ತಿಗಳನ್ನು ತಪ್ಪಿಸುತ್ತೇವೆಂದು ಹೂಡಿಕೆದಾರರಿಗೆ ಹೇಳಿದ್ದ ನಮ್ಮ ಸಂಸ್ಥಾಪಕರಿಗೆ ಇದು ರುಚಿಸಲಿಲ್ಲ. ಕೌಂಟರಿನ ಮೇಲೆ ಕೈಗೆ ಸಿಗುವ ಒಂದು ಪೆಟ್ಟಿಗೆ ಇಲ್ಲದಿದ್ದರೆ ಚಿಕಿತ್ಸೆಯೇ ಇಲ್ಲ ಎಂದು ನಾನು ಹಟ ಹಿಡಿದೆ, ಈಗಲೂ ಅದೇ ನನ್ನ ಅಭಿಪ್ರಾಯ.

ಇನ್ನು ನನ್ನ ಸ್ವಂತ ತಪ್ಪು. ಪೂರ್ತಿ ಚಿಕಿತ್ಸೆಗೆ 1,800 ರೂಪಾಯಿ ಎಂದರೆ ಜನ ಹಿಂಜರಿಯುತ್ತಾರೆಂದು, ನಾನೇ ಅದನ್ನು ಎರಡು ಕಾರ್ಡುಗಳಾಗಿ ಒಡೆದೆ: ಎರಡು ವಾರಕ್ಕೆ 600, ಉಳಿದ ನಾಲ್ಕು ವಾರಕ್ಕೆ 1,200. ಔಷಧಿಯಲ್ಲಿ ಇದು ಹಳೆಯ ಉಪಾಯ. ಹತ್ತು ಮಾತ್ರೆಯ ಸ್ಟ್ರಿಪ್ಪನ್ನು ಕತ್ತರಿಸಿ ನಾಲ್ಕು ಕೊಡುವ ನಾಡು ನಮ್ಮದು. ಮೊದಲ ಕಾರ್ಡು ಸೊಗಸಾಗಿ ಹೋಯಿತು, ಎರಡನೆಯದನ್ನು ಕೇಳುವವರೇ ಇಲ್ಲ. ಅದೇ ಹೊತ್ತಿಗೆ ಡಾಕ್ಟರುಗಳ ಫೋನು ಬರತೊಡಗಿತು. "ನಿಮ್ಮ ಆ್ಯಪ್ ಹಾಕಿಕೊಂಡ ಮೇಲೆ ಇದ್ದ ನಿದ್ದೇನೂ ಹೋಯ್ತು ಅಂತ ಬಂದು ಕೂತಿದ್ದಾರೆ, ನಾನೇನ್ ಹೇಳ್ಲಿ?" ಎಂದು ತುಮಕೂರಿನ ವೈದ್ಯರೊಬ್ಬರು ರೋಗಿಯ ಎದುರಿಗೇ ಕೇಳಿದರು. ಒಂದು ರಾತ್ರಿ ಚಿಕಿತ್ಸೆಯ ದಿನವಾರು ಕೋಷ್ಟಕವನ್ನೂ ಕಾರ್ಡುಗಳ ಬೆಲೆಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗಷ್ಟೇ ನನಗೆ ಕಂಡದ್ದು: ನಿದ್ದೆಯ ಅವಧಿಯನ್ನು ಕುಗ್ಗಿಸುವುದು ಎಂಟನೆಯ ದಿನ, ತೂಕಡಿಕೆ, ಸಿಟ್ಟು ತುತ್ತತುದಿಗೆ ಹೋಗುವುದು ಎರಡನೆಯ ವಾರದ ಕೊನೆಗೆ, ನಾವು ಮತ್ತೆ 1,200 ರೂಪಾಯಿ ಕೇಳುತ್ತಿದ್ದದ್ದು ಸರಿಯಾಗಿ ಹದಿನಾಲ್ಕನೆಯ ದಿನ. ಹಲ್ಲು ಕೊರೆದು ಅರ್ಧಕ್ಕೆ ನಿಲ್ಲಿಸಿ ಉಳಿದದ್ದಕ್ಕೆ ಹಣ ಕೇಳಿದಂತೆ. ಕೋಷ್ಟಕ ಬರೆದ ವೈದ್ಯರಿಗೆ ಬೆಲೆ ಗೊತ್ತಿರಲಿಲ್ಲ, ಬೆಲೆ ಬರೆದ ನನಗೆ ಕೋಷ್ಟಕ ಗೊತ್ತಿರಲಿಲ್ಲ.

ಎರಡು ಕಾರ್ಡುಗಳನ್ನು ಹಿಂದಕ್ಕೆ ಪಡೆದು ಇಡೀ ಆರು ವಾರಕ್ಕೆ 1,500 ರೂಪಾಯಿಯ ಒಂದೇ ಕಾರ್ಡು ತಂದೆವು. ಕೈಪಿಡಿಯ ಮೊದಲ ಪುಟದಲ್ಲೇ, ಚಿಕ್ಕ ಅಕ್ಷರದಲ್ಲಲ್ಲ, "ಎರಡನೆಯ ವಾರ ನಿಮಗೆ ಈಗಿನದಕ್ಕಿಂತ ಹೆಚ್ಚು ತೂಕಡಿಕೆ ಬರುತ್ತದೆ, ಚಿಕಿತ್ಸೆ ಕೆಲಸ ಮಾಡುತ್ತಿರುವ ಗುರುತು ಅದು" ಎಂದು ಬರೆಸಿದೆವು. ಮಾರಾಟದವರು ಕಣ್ಣು ಕೆಂಪು ಮಾಡಿದರು. ಯಾವ ಔಷಧಿಯ ಪೆಟ್ಟಿಗೆಯ ಮೇಲೆ ಮೊದಲು ಹೆಚ್ಚಾಗುತ್ತದೆ ಎಂದು ಬರೆಯುತ್ತಾರೆ ಎಂದು ಕೇಳಿದರು. ಸಹಾಯವಾಣಿಯಲ್ಲಿದ್ದ ಇಬ್ಬರು ಹೆಣ್ಣುಮಕ್ಕಳು ಒಂಬತ್ತು, ಹನ್ನೊಂದು ಮತ್ತು ಹದಿನಾಲ್ಕನೆಯ ದಿನ ತಾವೇ ಫೋನ್ ಮಾಡತೊಡಗಿದರು. ಅವರಲ್ಲಿ ಒಬ್ಬಾಕೆ ಧಾರವಾಡದವಳು. "ಇನ್ನ ನಾಕ್ ದಿನ ತಡೀರಿ ಅಕ್ಕಾರ, ಮಧ್ಯಾಹ್ನ ಊಟಾದ್ ಮ್ಯಾಲೆ ಅಡ್ಡಾಗಬ್ಯಾಡ್ರಿ, ಅಂಗಳದಾಗ ಒಂದ್ ಸುತ್ತು ಹಾಕ್ರಿ" ಎಂದು ಆಕೆ ಹೇಳುವುದನ್ನು ಪಕ್ಕದ ಮೇಜಿನಿಂದ ಕೇಳಿಸಿಕೊಂಡ ದಿನವೇ ಆ್ಯಪಿನ ಆ ವಾರದ ಪಾಠವನ್ನು ಮತ್ತೊಮ್ಮೆ ಬರೆಸಲು ಕಳಿಸಿದೆ.

ಚಿಕಿತ್ಸೆ ಯಾರಿಗೆ ಕೊಡಬಾರದು ಎಂಬುದರಲ್ಲೂ ತಂಡದೊಂದಿಗೆ ಜಗಳವಾಯಿತು. ಬೈಪೋಲಾರ್ ಕಾಯಿಲೆ ಅಥವಾ ಮೂರ್ಛೆರೋಗ ಇರುವವರಿಗೆ, ರಾತ್ರಿ ವಾಹನ ಓಡಿಸುವವರಿಗೆ ನಿದ್ದೆ ಕುಗ್ಗಿಸುವುದು ಅಪಾಯ. ಕೋಡ್ ಹಾಕಿದೊಡನೆ ಕೇಳುವ ಪ್ರಶ್ನೆಗಳಲ್ಲಿ ಇದು ಗೊತ್ತಾದರೆ ಆ್ಯಪ್ ಮುಂದುವರಿಯುವುದಿಲ್ಲ, ಹಣ ಹಿಂದಿರುಗುತ್ತದೆ. ಚಿತ್ರದುರ್ಗದ ಕಡೆ ಹೆದ್ದಾರಿ 48ರಲ್ಲಿ ಲಾರಿ ಓಡಿಸುವ ಒಬ್ಬರನ್ನು ಹೀಗೆ ತಡೆದಾಗ ನಮ್ಮ ಎಂಆರ್, "ಸರ್, ಡಾಕ್ಟ್ರೇ ಬರೆದಿದ್ದಾರೆ, ಬಿಡಿ" ಎಂದು ವಾದಿಸಿದ. ಹಿಂದಿರುಗಿಸಿದ ಕಾರ್ಡನ್ನು ಅವನ ಮಾರಾಟದ ಲೆಕ್ಕದಿಂದ ಕಳೆಯುತ್ತಿದ್ದದ್ದೇ ಆ ವಾದದ ಬೇರು. ಆ ತಿಂಗಳಿಂದ ಸುರಕ್ಷತೆಯ ಕಾರಣಕ್ಕೆ ಹಿಂದಿರುಗಿದ ಕಾರ್ಡನ್ನೂ ಅವನ ಲೆಕ್ಕದಲ್ಲೇ ಇಟ್ಟೆವು, ವಾದ ನಿಂತಿತು.

ಜೇಬಿನಿಂದ ಬರುವ ಹಣ ಸಾಲದೆಂದು ಕಂಪನಿಗಳ ಬಾಗಿಲನ್ನೂ ತಟ್ಟಿದೆವು. ರಾತ್ರಿ ಪಾಳಿಯ ನೌಕರರಿರುವ ಬೆಂಗಳೂರಿನ ಒಂದು ದೊಡ್ಡ ಕಂಪನಿ ಕಾರ್ಡುಗಳನ್ನು ಸಗಟಾಗಿ ಕೊಳ್ಳಲು ಒಪ್ಪಿತು, ದರವೂ ತೀರ್ಮಾನವಾಯಿತು. ಕೊನೆಯ ಸಭೆಯಲ್ಲಿ ಅವರ ಸಿಬ್ಬಂದಿ ವಿಭಾಗದವರು, ಯಾರು ಬಳಸಿದರು, ಯಾರ ನಿದ್ದೆ ಎಷ್ಟು ಕೆಟ್ಟಿದೆ ಎಂಬ ಹೆಸರು ಸಹಿತದ ಪಟ್ಟಿ ಪ್ರತಿ ತಿಂಗಳು ಬೇಕೆಂದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ನಾನು ಮುಂದಿಟ್ಟೆ. ಆದರೆ ಕಾಯ್ದೆ ಇಲ್ಲದಿದ್ದರೂ ಉತ್ತರ ಅದೇ ಆಗಿರುತ್ತಿತ್ತು. ಹಗಲು ತೂಕಡಿಸುತ್ತಾನೆಂದು ಮೇಲಧಿಕಾರಿಗೆ ಗೊತ್ತಾಗುವುದಾದರೆ ಯಾವ ನೌಕರ ದಿನಚರಿಯನ್ನು ನಿಜವಾಗಿ ತುಂಬುತ್ತಾನೆ? ದಿನಚರಿ ಸುಳ್ಳಾದರೆ ಚಿಕಿತ್ಸೆಯ ಲೆಕ್ಕವೆಲ್ಲ ಸುಳ್ಳು. ಒಪ್ಪಂದ ಮುರಿಯಿತು. ಆ ವರ್ಷದ ಅತಿದೊಡ್ಡ ಆರ್ಡರ್ ಅದಾಗಿತ್ತು ಎಂದು ಹೇಳಲೇಬೇಕು. ಕಚೇರಿಯಲ್ಲಿ ಕೆಲವು ವಾರ ನನ್ನೊಂದಿಗೆ ಯಾರೂ ಸರಿಯಾಗಿ ಮಾತಾಡಲಿಲ್ಲ.

ವರ್ಷ ತುಂಬುವಾಗ ಎಕ್ಸ್‌ಪೈರಿ ವಾಪಸಾತಿ ಬಂತು. ಹುಬ್ಬಳ್ಳಿಯ ಅದೇ ಸ್ಟಾಕಿಸ್ಟರು, ನಾವೇ ಅಚ್ಚು ಹಾಕಿಸಿದ ದಿನಾಂಕದ ಆಧಾರದಲ್ಲಿ, ಕೆರೆಯದ ಕಾರ್ಡುಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿ ಕಳಿಸಿದರು. ಸಾಫ್ಟ್‌ವೇರಿಗೆ ಎಕ್ಸ್‌ಪೈರಿ ಎಲ್ಲಿಂದ ಎಂದು ಕಚೇರಿಯ ಹುಡುಗರು ನಕ್ಕರು. ನಾನು ಕಾರ್ಡುಗಳನ್ನು ನೆಲದ ಮೇಲೆ ಹರಡಿ ಅಂಗಡಿವಾರು ಗುಡ್ಡೆ ಹಾಕಿಸಿದೆ. ಚೀಟಿ ಹೆಚ್ಚು ಬರೆಯುವ ಡಾಕ್ಟರ ಪಕ್ಕದ ಅಂಗಡಿಗಳಿಂದಲೇ ದೊಡ್ಡ ಗುಡ್ಡೆಗಳು ಬಂದಿದ್ದವು. ಸಾಧಾರಣವಾಗಿ ಬರೆಯುವ ಮೂರು ಕ್ಲಿನಿಕ್‌ಗಳ ಅಂಗಡಿಗಳಿಂದ ಒಂದು ಕಾರ್ಡೂ ವಾಪಸ್ ಬಂದಿರಲಿಲ್ಲ. ಅಲ್ಲಿಗೆ ಹೋಗಿ ನೋಡಿದಾಗ, ಮೂರೂ ಕಡೆ ಟೋಕನ್ ಕೊಡುವ ಹುಡುಗಿಯೋ ಕಾಂಪೌಂಡರೋ ರೋಗಿಯನ್ನು ಬೆಂಚಿನ ಮೇಲೆ ಕೂರಿಸಿಕೊಂಡು, ಫೋನು ಇಸಿದುಕೊಂಡು, ಕಾರ್ಡು ಕೆರೆದು, ಮೊದಲ ದಿನದ ದಿನಚರಿಯನ್ನು ತಾವೇ ತುಂಬಿಸಿ ಕಳಿಸುತ್ತಿದ್ದರು. ನಾವು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ, ಎಂಆರ್‌ಗಳು ಭೇಟಿಯಾಗಬೇಕಾದವರ ಪಟ್ಟಿಯಲ್ಲಿ ಅವರ ಹೆಸರೂ ಇರಲಿಲ್ಲ. 2024ರ ಔಷಧ ಮಾರಾಟ ಸಂಹಿತೆ ಬಂದ ಮೇಲೆ ಡಾಕ್ಟರಿಗೆ ಪೆನ್ನು ಕೊಡುವಾಗಲೂ ಯೋಚಿಸುವ ಕಾಲವಿದು, ಹಾಗಾಗಿ ಇವರಿಗೆ ಹಣದ ರೂಪದಲ್ಲಿ ಏನನ್ನೂ ಕೊಡದೆ, ಶನಿವಾರದ ಮಧ್ಯಾಹ್ನ ಒಂದು ಗಂಟೆಯ ತರಬೇತಿಯನ್ನು ಮಾತ್ರ ಶುರು ಮಾಡಿದೆವು. ವಾಪಸ್ ಬಂದ ಕಾರ್ಡುಗಳ ಕೋಡುಗಳನ್ನು ಮತ್ತೆ ಚಾಲೂ ಮಾಡಿಸಿ, ಆ ತರಬೇತಿಗೆ ಬಂದವರು ಕೆರೆದು ಅಭ್ಯಾಸ ಮಾಡಲಿ ಎಂದು ಅವರ ಕೈಗೇ ಕೊಟ್ಟೆವು.